ಯಥಾಶಕ್ತಿಯ ಸಂಕಲ್ಪ: ವರ್ಷಾರಂಭದ ಆರೋಗ್ಯವ್ರತವನ್ನು ಕುರಿತು

ವರ್ಷದ ಮೊದಲ ದಿನ ಮನುಷ್ಯನು ತನ್ನ ದೇಹದ ವಿಷಯದಲ್ಲಿ ಮಾಡಿಕೊಳ್ಳುವ ನಿಶ್ಚಯ, ಅದು ಜನವರಿ ಒಂದರಂದಾಗಲಿ ಯುಗಾದಿಯ ಪಾಡ್ಯದಂದಾಗಲಿ, ಧರ್ಮಶಾಸ್ತ್ರದ ದೃಷ್ಟಿಯಲ್ಲಿ ವ್ರತವೆನಿಸುತ್ತದೆಯೇ, ವ್ರತವೆನಿಸಿದರೆ ಅದರ ಭಂಗ ದೋಷವಾಗುತ್ತದೆಯೇ, ದೋಷವಾಗುವುದಾದರೆ ಅದನ್ನು ಅಳೆಯುವ ಕೋಲು ಯಾವುದು ಎಂಬ ಪ್ರಶ್ನೆಗಳು ಮೇಲ್ನೋಟಕ್ಕೆ ಕಾಣುವಷ್ಟು ಹಗುರವಾದವಲ್ಲ. ಧರ್ಮ, ಅರ್ಥ, ಕಾಮ, ಮೋಕ್ಷಗಳೆಂಬ ನಾಲ್ಕು ಪುರುಷಾರ್ಥಗಳಿಗೂ ಆರೋಗ್ಯವೇ ಮೂಲವೆಂದು ಚರಕಸಂಹಿತೆ ತನ್ನ ಮೊದಲ ಅಧ್ಯಾಯದಲ್ಲಿಯೇ ಹೇಳಿಬಿಟ್ಟಿರುವುದರಿಂದ, ದೇಹವನ್ನು ಕಾಪಾಡಿಕೊಳ್ಳುವ ನಿಶ್ಚಯವನ್ನು ಕೇವಲ ಲೌಕಿಕ ಸಂಗತಿಯೆಂದು ಬದಿಗಿಡುವುದು ಕಷ್ಟ. ಅನುಭವವೂ ಇದನ್ನೇ ಹೇಳುತ್ತದೆ. ಜನವರಿಯಲ್ಲಿ ಆರಂಭಿಸಿದ ಬೆಳಗಿನ ನಡಿಗೆ ಫೆಬ್ರವರಿಯಲ್ಲಿ ನಿಂತುಹೋದಾಗ ಜನರು ತಮ್ಮನ್ನು ತಾವು ಹಳಿದುಕೊಳ್ಳುವ ಮಾತಿನಲ್ಲಿ ಪಾಪಪ್ರಜ್ಞೆಯ ಛಾಯೆಯೊಂದು ತಪ್ಪದೆ ಇರುತ್ತದೆ. ಯಾವ ಶಾಸ್ತ್ರವೂ ಅದನ್ನು ಪಾಪವೆಂದು ಹೇಳದಿದ್ದರೂ ಅವರೇ ನ್ಯಾಯಾಧೀಶರಾಗಿ, ಅವರೇ ಅಪರಾಧಿಗಳಾಗಿ, ಶಿಕ್ಷೆಯ ರೂಪದಲ್ಲಿ ಪ್ರಯತ್ನವನ್ನೇ ಕೈಬಿಡುತ್ತಾರೆ. ಇಲ್ಲಿ ಪರಿಶೀಲಿಸಬೇಕಾದ ಸಂಗತಿ ಇಷ್ಟೇ: ಭಾರತೀಯ ಪರಂಪರೆಯ ಸಂಕಲ್ಪವಿಧಿಯಲ್ಲಿ ಮಾಡುವವನ ಶಕ್ತಿಯ ಮಿತಿಗೂ ತಪ್ಪಿಹೋಗುವ ಸಂಭವಕ್ಕೂ ಮೊದಲೇ ಜಾಗವಿತ್ತು, ಆಧುನಿಕ ನಿಶ್ಚಯವು ಆ ವಿಧಿಯಿಂದ ಘೋಷಣೆಯ ಭಾಗವನ್ನು ಮಾತ್ರ ಉಳಿಸಿಕೊಂಡು ಮಿಕ್ಕಿದ್ದನ್ನು ಬಿಟ್ಟದ್ದರಿಂದಲೇ ಅದು ಕಠೋರವೂ ಆಯಿತು, ಅಲ್ಪಾಯುವೂ ಆಯಿತು.

ಈ ಪ್ರಶ್ನೆಯನ್ನು ನಾಸಿಕದ ಸಾತಪುರದಲ್ಲಿ ನಿಂತು ಕೇಳುವುದಕ್ಕೆ ವಿಶೇಷವಾದ ಕಾರಣವಿದೆ. ಕರ್ನಾಟಕದ ಅನೇಕ ಮನೆಗಳಲ್ಲಿ ಪೂಜೆಗೆ ಕುಳಿತವರು ಆಚಮನ, ಪ್ರಾಣಾಯಾಮಗಳಾದ ಮೇಲೆ ಅಂಗೈಯಲ್ಲಿ ಅಕ್ಷತೆ, ನೀರು ಹಿಡಿದು ಹೇಳುವ ಸಂಕಲ್ಪದಲ್ಲಿ ಮೊದಲು ಕಲ್ಪ, ಮನ್ವಂತರಗಳು, ಆಮೇಲೆ ಜಂಬೂದ್ವೀಪ, ಭರತಖಂಡ, ದಂಡಕಾರಣ್ಯಗಳು ಬಂದು, ಕೊನೆಗೆ ಕರ್ತೃವು ಕುಳಿತ ಜಾಗ ಗೋದಾವರಿಯ ದಕ್ಷಿಣ ತೀರವೆಂದೂ ಕಾಲ ಶಾಲಿವಾಹನ ಶಕವೆಂದೂ ನಿರ್ದೇಶಿತವಾಗುತ್ತವೆ. ಬೆಂಗಳೂರಿನ ಬಸವನಗುಡಿಯಲ್ಲಿ ಕುಳಿತವರಿಗೆ ಗೋದಾವರಿಯ ದಕ್ಷಿಣ ತೀರವೆಂಬುದು ನೂರಾರು ಮೈಲಿ ಹಿಗ್ಗಿಸಿಕೊಂಡ ಮಾತು. ಸಾತಪುರದಲ್ಲಿ ಕುಳಿತವರಿಗಾದರೋ ಅದು ಅಕ್ಷರಶಃ ಸತ್ಯ, ಏಕೆಂದರೆ ತ್ರ್ಯಂಬಕದಲ್ಲಿ ಹುಟ್ಟಿ ಗಂಗಾಪುರದ ಅಣೆಕಟ್ಟನ್ನು ದಾಟಿ ಪೂರ್ವಕ್ಕೆ ಹರಿಯುವ ನದಿಯ ಬಲದಂಡೆಯ ಕಡೆಗೇ ಈ ಕೈಗಾರಿಕಾ ಬಡಾವಣೆ ಹಬ್ಬಿದೆ. ಶಾಲಿವಾಹನನನ್ನು ಐತಿಹ್ಯವು ಪ್ರತಿಷ್ಠಾನದ ಅರಸನೆನ್ನುತ್ತದೆ. ಆ ಪ್ರತಿಷ್ಠಾನವೇ ಇಂದಿನ ಪೈಠಣ, ಅದೇ ನದಿಯ ಕೆಳಹರಿವಿನಲ್ಲಿ, ಈಗಿನ ಛತ್ರಪತಿ ಸಂಭಾಜಿನಗರ ಜಿಲ್ಲೆಯಲ್ಲಿದೆ. ಕ್ರಿ.ಶ. 78ರಿಂದ ಎಣಿಸುವ ಆ ಶಕದ ಮೂಲವನ್ನು ಇತಿಹಾಸಕಾರರು ಬೇರೆಡೆ ಹುಡುಕುತ್ತಾರೆ, ಆದರೆ ಯುಗಾದಿಯಂದು ಪಂಚಾಂಗ ತೆರೆಯುವ ಕನ್ನಡ ಕುಟುಂಬಕ್ಕೂ ಗುಢಿ ಪಾಡ್ವಾದಂದು ಗುಢಿ ಏರಿಸುವ ಮರಾಠಿ ಕುಟುಂಬಕ್ಕೂ ವರ್ಷದ ಲೆಕ್ಕ ಅದೊಂದೇ. ಕವಿರಾಜಮಾರ್ಗವು ಕನ್ನಡನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಹೇಳಿದ್ದು ಒಂಬತ್ತನೆಯ ಶತಮಾನದಲ್ಲಿ. ಆ ಎಲ್ಲೆ ಹಿಂದೆ ಸರಿದು ಶತಮಾನಗಳು ಕಳೆದ ಮೇಲೆ, ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ನಡೆಸುತ್ತಿದ್ದ ಮೈಕೋ, ಅಂದರೆ ಇಂದಿನ ಬಾಷ್, ಸಾತಪುರದಲ್ಲಿಯೂ ಒಂದು ಕಾರ್ಖಾನೆ ತೆರೆದದ್ದು ಇತಿಹಾಸದ ಸಣ್ಣ ಚೇಷ್ಟೆಯಂತೆ ಕಾಣುತ್ತದೆ.

ಸಂಕಲ್ಪದ ಈ ದೀರ್ಘ ಪೀಠಿಕೆಯನ್ನು ಅರ್ಚಕರ ಅಭ್ಯಾಸದ ಮಾತೆಂದು ಕಿವಿಯ ಮೇಲೆ ಹಾಕಿಕೊಳ್ಳದೆ ಬಿಡುವುದೇ ಹೆಚ್ಚು. ಆದರೆ ಅದರ ರಚನೆಯನ್ನು ಬಿಡಿಸಿ ನೋಡಿದರೆ ಅದರೊಳಗೊಂದು ವಿಚಾರಕ್ರಮವಿದೆ. ಯಾವ ಕೆಲಸವನ್ನು ಮಾಡುತ್ತೇನೆಂದು ಹೇಳುವ ಮೊದಲು ಎಲ್ಲಿದ್ದೇನೆ, ಯಾವ ಋತುವಿನಲ್ಲಿದ್ದೇನೆ, ಯಾವ ತಿಥಿವಾರಗಳಲ್ಲಿದ್ದೇನೆ ಎಂಬುದನ್ನು ಕರ್ತೃ ಒಪ್ಪಿಕೊಳ್ಳಬೇಕು. ಆಮೇಲೆ ಬರುವ ಕ್ಷೇಮ, ಸ್ಥೈರ್ಯ, ಆಯುರಾರೋಗ್ಯಗಳ ಪ್ರಾರ್ಥನೆ ಅವನೊಬ್ಬನಿಗಲ್ಲ, ಕುಟುಂಬ ಸಮೇತವಾಗಿ ಎಲ್ಲರಿಗೂ. ಅದಾದ ಮೇಲೆ, ಕಾರ್ಯವನ್ನು ಹೆಸರಿಸುವ ಹೊತ್ತಿನಲ್ಲಿ, ಯಥಾಶಕ್ತಿಯಾಗಿ, ಸಾಧ್ಯವಾದ ನಿಯಮದಿಂದ, ಸಾಧ್ಯವಾದ ಪ್ರಕಾರದಿಂದ, ಒದಗಿದ ದ್ರವ್ಯಗಳಿಂದ ಎಂಬ ಷರತ್ತು ಬರುತ್ತದೆ. ಪೂಜೆಯ ಕೊನೆಗೆ ಮಂತ್ರದಲ್ಲಿ, ಕ್ರಿಯೆಯಲ್ಲಿ, ಭಕ್ತಿಯಲ್ಲಿ ಆದ ಲೋಪಗಳಿಗೆ ಕ್ಷಮೆ ಬೇಡುವ ವಿಧಿಯೂ, ನಡುವೆ ಆದ ಸ್ವರವರ್ಣಲೋಪಗಳಿಗಾಗಿ ನಾಮತ್ರಯ ಜಪಿಸುವ ಪ್ರಾಯಶ್ಚಿತ್ತವೂ ಇವೆ. ಗಮನಿಸಬೇಕಾದದ್ದೆಂದರೆ ಈ ಪ್ರಾಯಶ್ಚಿತ್ತವನ್ನು ತಪ್ಪು ಮಾಡಿದವರು ಮಾತ್ರ ಮಾಡಬೇಕೆಂದಿಲ್ಲ. ಎಲ್ಲರೂ, ಪ್ರತಿಸಲವೂ ಮಾಡಬೇಕು. ಲೋಪವಾಗಿಯೇ ತೀರುತ್ತದೆ ಎಂಬುದನ್ನು ವಿಧಿ ಮೊದಲೇ ಒಪ್ಪಿಕೊಂಡಿದೆ.

ಯುಗಾದಿಯ ಬೇವುಬೆಲ್ಲದ ಆಚರಣೆಯಲ್ಲಿಯೂ ಇದೇ ಅಳತೆ ಕಾಣುತ್ತದೆ. ಬೇವು ತಿನ್ನುವಾಗ ಹೇಳುವ ಶ್ಲೋಕ ಬೇಡುವುದು ಸಾಮಾನ್ಯವಾದದ್ದನ್ನಲ್ಲ. ನೂರು ವರ್ಷದ ಆಯುಸ್ಸು, ವಜ್ರದಂಥ ದೇಹ, ಸಕಲ ಸಂಪತ್ತು, ಸರ್ವ ಅರಿಷ್ಟಗಳ ನಾಶ. ಇಷ್ಟೆಲ್ಲ ಬೇಡಿದವನಿಂದ ಆ ದಿನ ಅಪೇಕ್ಷಿಸುವ ಕ್ರಿಯೆಯಾದರೋ ಒಂದು ಚಿಟಿಕೆ ಬೇವಿನೆಸಳು, ಒಂದು ಚೂರು ಬೆಲ್ಲ. ನಾಸಿಕದ ಮರಾಠಿ ಮನೆಗಳಲ್ಲಿ ಬೇವಿನ ಚಿಗುರಿಗೆ ಬೆಲ್ಲ, ಓಮ, ನೆನೆಸಿದ ಕಡಲೆಬೇಳೆ, ಇಂಗು ಸೇರಿಸಿ ಅರೆದ ಚಟ್ನಿಯೂ ಅಷ್ಟೇ, ಬೆರಳತುದಿಯಷ್ಟು. ಆಶಯ ಆಕಾಶದಷ್ಟಿದ್ದರೂ ಆರಂಭದ ಕ್ರಿಯೆ ಮಗುವಿಗೂ ಮುದುಕರಿಗೂ ನಿಲುಕುವಷ್ಟೇ ಇರಬೇಕೆಂಬ ವಿವೇಕ ಇದರಲ್ಲಿದೆ. ಆಧುನಿಕ ನಿಶ್ಚಯವು ಇದನ್ನು ತಲೆಕೆಳಗು ಮಾಡಿ, ಆಶಯವನ್ನು ತೂಕದ ಯಂತ್ರದ ಸಂಖ್ಯೆಯೊಂದಕ್ಕೆ ಕುಗ್ಗಿಸಿ, ಮೊದಲ ದಿನದ ಕ್ರಿಯೆಯನ್ನು ಮಾತ್ರ ವಜ್ರದೇಹಿಗಳಿಗೇ ಸಾಧ್ಯವಾಗುವಷ್ಟು ಹಿಗ್ಗಿಸಿದೆ.

ಯಥಾಶಕ್ತಿ ಎಂಬ ಷರತ್ತು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂಬುದನ್ನು ಅತ್ಯಂತ ಕಟ್ಟುನಿಟ್ಟಾಗಿ ಚರ್ಚಿಸಿದ್ದು ಪೂರ್ವಮೀಮಾಂಸೆ, ಅಂದರೆ ವೇದವಿಧಿಗಳ ಅರ್ಥವನ್ನು ನಿಷ್ಕರ್ಷಿಸುವ ದರ್ಶನ. ಅದು ಕರ್ಮಗಳನ್ನು ನಿತ್ಯ, ನೈಮಿತ್ತಿಕ, ಕಾಮ್ಯ ಎಂದು ವಿಂಗಡಿಸುತ್ತದೆ. ಅಗ್ನಿಹೋತ್ರದಂತೆ ಬದುಕಿರುವ ತನಕ ಮಾಡಬೇಕಾದದ್ದು ನಿತ್ಯ. ಒಂದು ನಿಮಿತ್ತ ಒದಗಿದಾಗ ಮಾಡಬೇಕಾದದ್ದು ನೈಮಿತ್ತಿಕ. ಸ್ವರ್ಗ, ಮಳೆ, ಮಗ ಮುಂತಾದ ಗೊತ್ತಾದ ಫಲವನ್ನು ಬಯಸಿ ಮಾಡುವುದು ಕಾಮ್ಯ. ಪ್ರತಿಯೊಂದು ಕರ್ಮಕ್ಕೂ ಒಂದು ಪ್ರಧಾನಭಾಗವೂ ಅದಕ್ಕೆ ನೆರವಾಗುವ ಅನೇಕ ಅಂಗಗಳೂ ಇರುತ್ತವೆ. ಎಲ್ಲ ಅಂಗಗಳನ್ನೂ ನೆರವೇರಿಸಲಾಗದವನು ಕರ್ಮವನ್ನು ಮಾಡಬಹುದೇ ಎಂಬ ಪ್ರಶ್ನೆಗೆ ಜೈಮಿನಿಯ ಸೂತ್ರಗಳ ಆರನೆಯ ಅಧ್ಯಾಯದ ಮೂರನೆಯ ಪಾದ ಕೊಡುವ ಉತ್ತರ ಎರಡು ಕವಲಾಗಿದೆ. ಕಾಮ್ಯಕರ್ಮದಲ್ಲಿ ಎಲ್ಲ ಅಂಗಗಳೂ ಕೂಡಲೇಬೇಕು. ಒಂದು ತಪ್ಪಿದರೂ ಫಲವಿಲ್ಲ, ಆದ್ದರಿಂದ ಶಕ್ತಿಯಿಲ್ಲದವನು ಅದಕ್ಕೆ ಕೈಹಾಕಬಾರದು. ನಿತ್ಯಕರ್ಮದಲ್ಲಾದರೋ ಪ್ರಧಾನವನ್ನು ಬಿಡದೆ ಅಂಗಗಳನ್ನು ಆದಷ್ಟು ನೆರವೇರಿಸಿದರೆ ಸಾಕು, ಏಕೆಂದರೆ ಜೀವಮಾನವಿಡೀ ಮಾಡಬೇಕಾದದ್ದನ್ನು ಪ್ರತಿದಿನವೂ ಪರಿಪೂರ್ಣವಾಗಿ ಮಾಡೆಂದು ವಿಧಿಸಿದರೆ ಆ ವಿಧಿಯೇ ಅಸಾಧ್ಯವಾಗುತ್ತದೆ. ಕಾಮ್ಯವನ್ನು ಒಮ್ಮೆ ಆರಂಭಿಸಿದ ಮೇಲೆ ನಡುವೆ ಬಿಡುವಂತಿಲ್ಲವೆಂಬ ನಿಯಮವೂ ಅದೇ ಅಧ್ಯಾಯದಲ್ಲಿದೆ.

ಈಗ ವರ್ಷಾರಂಭದ ನಿಶ್ಚಯಗಳನ್ನು ಈ ಒರೆಗಲ್ಲಿಗೆ ಹಚ್ಚಿದರೆ ಗೊಂದಲ ಎಲ್ಲಿದೆಯೆಂಬುದು ಹೊಳೆಯುತ್ತದೆ. ಮಗಳ ಮದುವೆಯೊಳಗೆ ಹತ್ತು ಕೆ.ಜಿ. ಇಳಿಸಬೇಕೆಂಬುದು ಕಾಮ್ಯ, ಅದಕ್ಕೆ ಗಡುವಿದೆ, ಫಲವಿದೆ, ಫಲ ಬಾರದಿದ್ದರೆ ವಿಫಲವೆನ್ನುವುದಕ್ಕೆ ಅರ್ಥವಿದೆ. ಬದುಕಿರುವಷ್ಟು ದಿನ ಕೈಕಾಲು ಆಡಿಸುತ್ತಿರಬೇಕು, ಹಿತವಾದದ್ದನ್ನು ಮಿತವಾಗಿ ಉಣ್ಣಬೇಕು, ಹೊತ್ತಿಗೆ ಸರಿಯಾಗಿ ಮಲಗಬೇಕು ಎಂಬುದು ಸ್ವಭಾವತಃ ನಿತ್ಯ. ಜನರು ಮಾಡುವುದೇನೆಂದರೆ ನಿತ್ಯವಾದ ವಿಷಯಕ್ಕೆ ಕಾಮ್ಯದ ನಿಯಮವನ್ನು ತೊಡಿಸುವುದು: ಒಂದು ಬೆಳಿಗ್ಗೆ ನಡಿಗೆ ತಪ್ಪಿದರೆ ಅಂಗಲೋಪವಾಯಿತೆಂದು ಇಡೀ ಕರ್ಮವನ್ನೇ ಕೆಟ್ಟುಹೋದದ್ದೆಂದು ಎಣಿಸುವುದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಪ್ರಮಾಣದ ಚಲನೆಯನ್ನು ಹೇಳಿದ ಬೆನ್ನಿಗೇ, ಏನೂ ಇಲ್ಲದಿರುವುದಕ್ಕಿಂತ ಸ್ವಲ್ಪವಾದರೂ ಇರುವುದು ಲೇಸೆಂದು ಹೇಳಿರುವುದು ನಿತ್ಯಕರ್ಮದ ನ್ಯಾಯಕ್ಕೆ ತೀರ ಹತ್ತಿರದ ಮಾತು.

ಮೀಮಾಂಸಕರ ಪ್ರತಿನಿಧಿ ವಿಚಾರ ಇನ್ನೂ ಸ್ವಾರಸ್ಯದ್ದು. ಪ್ರತಿನಿಧಿಯೆಂದರೆ ಹೇಳಿದ ದ್ರವ್ಯ ಸಿಗದಾಗ ಅದರ ಬದಲಿಗೆ ಬಳಸುವ, ಅದನ್ನು ಹೋಲುವ ದ್ರವ್ಯ; ವ್ರೀಹಿ ಸಿಗದಿದ್ದರೆ ತಾನಾಗಿ ಬೆಳೆಯುವ ನೀವಾರದ ಅಕ್ಕಿ ಸಲ್ಲುತ್ತದೆ. ಆದರೆ ದೇವತೆಗೆ, ಮಂತ್ರಕ್ಕೆ, ಯಜಮಾನನಿಗೆ ಪ್ರತಿನಿಧಿಯಿಲ್ಲ. ಸಾತಪುರದ ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ದುಡಿಯುವವರ ಬದುಕಿಗೆ ಈ ವಿಚಾರವನ್ನು ಅನ್ವಯಿಸಿ ನೋಡಬಹುದು. ಒಂದು ವಾರ ಬೆಳಗಿನ ಪಾಳಿ, ಮುಂದಿನ ವಾರ ಮಧ್ಯಾಹ್ನದ್ದು, ಅದರ ಮುಂದಿನ ವಾರ ರಾತ್ರಿಯದ್ದು ಎಂದು ತಿರುಗುವ ಬದುಕಿನಲ್ಲಿ ಪ್ರತಿದಿನ ಬೆಳಗಿನ ಐದಕ್ಕೆ ಎದ್ದು ನಡೆಯುವೆನೆಂಬ ಸಂಕಲ್ಪ ಮೂರರಲ್ಲಿ ಒಂದು ವಾರ ತಾನಾಗಿಯೇ ಮುರಿಯುತ್ತದೆ. ರಾತ್ರಿಯೆಲ್ಲ ಯಂತ್ರದೆದುರು ನಿಂತು ಬಂದವನಿಗೆ ಬೆಳಗಿನ ಐದು ಗಂಟೆ ಬ್ರಾಹ್ಮೀಮುಹೂರ್ತವಲ್ಲ, ನಿದ್ದೆಗಾಗಿ ಹಂಬಲಿಸುವ ಹೊತ್ತು. ಹೊತ್ತು ಬದಲಾಗಬಹುದು, ಜಾಗ ಬದಲಾಗಬಹುದು, ನಡಿಗೆಗೆ ಬದಲು ಮನೆಯ ಮಹಡಿ ಮೆಟ್ಟಿಲು ಬರಬಹುದು. ಇವೆಲ್ಲ ವ್ರೀಹಿಯ ಜಾಗದಲ್ಲಿ ನೀವಾರ. ನಡೆಯುವವನ ಜಾಗದಲ್ಲಿ ಮಾತ್ರ ಬೇರೆಯವರು ನಿಲ್ಲುವಂತಿಲ್ಲ. ಸಂಕಲ್ಪದಲ್ಲಿ ದೇಶಕಾಲಗಳ ಉಚ್ಚಾರಕ್ಕೆ ಅಷ್ಟು ಜಾಗ ಮೀಸಲಾಗಿದ್ದರೂ ತನ್ನ ಪಾಳಿಯ ಪಟ್ಟಿಯನ್ನೇ ನೋಡದೆ ನಿಶ್ಚಯ ಮಾಡುವವನು ಗೋದಾವರಿಯ ತೀರದಲ್ಲಿ ಕುಳಿತು ಕಾವೇರಿಯ ಹೆಸರು ಹೇಳಿದಂತೆ.

ಇದಕ್ಕೆ ಬಲವಾದ ಆಕ್ಷೇಪವೊಂದುಂಟು. ಶಕ್ತಿ ಇದ್ದಷ್ಟು ಎಂಬ ಮಾತು ಮನಸ್ಸು ಬಂದಷ್ಟು ಎಂಬುದಕ್ಕೆ ಜಾರಿಹೋಗುವುದಕ್ಕೆ ಎಷ್ಟು ಹೊತ್ತು ಬೇಕು? ವ್ರತದ ಬಲವಿರುವುದೇ ಅದರ ನಿರ್ದಾಕ್ಷಿಣ್ಯದಲ್ಲಿ ಅಲ್ಲವೇ? ಮಧ್ವಾಚಾರ್ಯರ ಕೃಷ್ಣಾಮೃತಮಹಾರ್ಣವವು ಏಕಾದಶಿಯ ಉಪವಾಸವನ್ನು ವಿಧಿಸುವ ಧಾಟಿಯಲ್ಲಿ ಸಡಿಲಿಕೆಯ ಸುಳಿವೇ ಇಲ್ಲ, ಮತ್ತು ಉಡುಪಿಯ ಪರಂಪರೆಯಲ್ಲಿ ನೀರನ್ನೂ ಮುಟ್ಟದ ಉಪವಾಸ ಇಂದಿಗೂ ಜೀವಂತವಾಗಿದೆ. ಈ ಆಕ್ಷೇಪವನ್ನು ಲಘುವಾಗಿ ತಳ್ಳಿಹಾಕುವುದು ಪ್ರಾಮಾಣಿಕವಲ್ಲ. ನಿಯಮದ ಗಡಸುತನವೇ ಅನೇಕರನ್ನು ದಡ ಸೇರಿಸಿದೆ. ಆದರೂ ಎರಡು ಸಂಗತಿಗಳನ್ನು ನೆನೆಯಬೇಕು. ಮೊದಲನೆಯದು, ನಿತ್ಯಕರ್ಮದಲ್ಲಿ ಯಥಾಶಕ್ತಿಗೆ ಅವಕಾಶವಿರುವುದು ಅಂಗಗಳಲ್ಲಿ ಮಾತ್ರ. ಕರ್ಮವನ್ನೇ ಬಿಟ್ಟರೆ ಪ್ರತ್ಯವಾಯ, ಅಂದರೆ ಬಿಟ್ಟದ್ದರಿಂದಾಗುವ ದೋಷ, ತಪ್ಪುವುದಿಲ್ಲವೆಂದು ಮೀಮಾಂಸಕರು ಸ್ಪಷ್ಟವಾಗಿ ಹೇಳುತ್ತಾರೆ. ಹೀಗಾಗಿ ಅದು ಸೋಮಾರಿಗೆ ಕೊಟ್ಟ ರಜೆಚೀಟಿಯಲ್ಲ. ಕಾಮ್ಯಕ್ಕಿಂತ ನಿತ್ಯವೇ ಒಂದರ್ಥದಲ್ಲಿ ಹೆಚ್ಚು ಬಿಗಿ, ಏಕೆಂದರೆ ಕಾಮ್ಯವನ್ನು ಆರಂಭಿಸದೆಯೇ ಇರಬಹುದು, ನಿತ್ಯದಿಂದ ನುಣುಚಿಕೊಳ್ಳುವಂತಿಲ್ಲ. ಎರಡನೆಯದು, ಏಕಾದಶಿಯ ವಿಷಯದಲ್ಲಿಯೇ ಧರ್ಮಶಾಸ್ತ್ರಕಾರರು ಎಂಟು ವರ್ಷ ದಾಟಿದ, ಎಂಬತ್ತು ತುಂಬದವರಿಗೆ ಎಂದು ವಯಸ್ಸಿನ ಗೆರೆ ಎಳೆದು, ಅಶಕ್ತರಿಗೆ ಹಗಲು ಒಂದೇ ಊಟದ ಏಕಭಕ್ತ, ರಾತ್ರಿ ಮಾತ್ರ ಉಣ್ಣುವ ನಕ್ತ, ಬೇಡದೆ ಬಂದದ್ದನ್ನು ಮಾತ್ರ ಉಣ್ಣುವ ಅಯಾಚಿತಗಳೆಂಬ ಮೆಟ್ಟಿಲುಗಳನ್ನು ಕಟ್ಟಿದ್ದಾರೆ. ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣನ ಅಪೇಕ್ಷೆ, ಗುರುವಿನ ಮಾತು, ಔಷಧ ಈ ಎಂಟು ವ್ರತವನ್ನು ಕೆಡಿಸುವುದಿಲ್ಲವೆಂಬ ಮಾತು ಮಹಾಭಾರತದ ಉದ್ಯೋಗಪರ್ವದಲ್ಲಿ ವಿದುರನ ಬಾಯಿಂದಲೇ ಬರುತ್ತದೆ. ಇವನ್ನೆಲ್ಲ ಪಾಂಡುರಂಗ ವಾಮನ ಕಾಣೆಯವರು ತಮ್ಮ ಧರ್ಮಶಾಸ್ತ್ರ ಇತಿಹಾಸದ ಐದನೆಯ ಸಂಪುಟದಲ್ಲಿ ವ್ರತಗಳನ್ನು ಕುರಿತು ಬರೆಯುತ್ತ ವಿವರವಾಗಿ ಸಂಗ್ರಹಿಸಿದ್ದಾರೆ. ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ವರ್ಷದ ಮೊದಲ ಏಕಾದಶಿಯಿಂದ ನಿರ್ಜಲ ಉಪವಾಸಕ್ಕೆ ತೊಡಗುವುದು ಶಾಸ್ತ್ರನಿಷ್ಠೆಯೆನಿಸಿಕೊಳ್ಳುವುದಿಲ್ಲ. ಔಷಧಕ್ಕೆ ಶಾಸ್ತ್ರವೇ ಕೊಟ್ಟ ಜಾಗವನ್ನು ಅದು ಕಸಿದುಕೊಳ್ಳುತ್ತದೆ.

ಶಕ್ತಿಯೆಂಬುದು ಇಷ್ಟವಲ್ಲವಾದರೆ ಅದನ್ನು ಗುರುತಿಸುವುದು ಹೇಗೆ? ಈ ಪ್ರಶ್ನೆಯಲ್ಲಿ ಆಯುರ್ವೇದ ತತ್ತ್ವಶಾಸ್ತ್ರಕ್ಕಿಂತ ಹೆಚ್ಚು ನೆರವಾಗುತ್ತದೆ. ವ್ಯಾಯಾಮವನ್ನು ಅರ್ಧಶಕ್ತಿಯಿಂದ ಮಾಡಬೇಕೆಂದು ವಾಗ್ಭಟನ ಅಷ್ಟಾಂಗಹೃದಯ ಹೇಳುತ್ತದೆ. ಅದೂ ಬಲಶಾಲಿಗಳಿಗೆ, ಜಿಡ್ಡಿನ ಆಹಾರ ಉಣ್ಣುವವರಿಗೆ, ಚಳಿಗಾಲದಲ್ಲಿ ಮತ್ತು ವಸಂತದಲ್ಲಿ. ಉಳಿದ ಋತುಗಳಲ್ಲಿ ಇನ್ನೂ ಕಡಿಮೆ. ಅರ್ಧಶಕ್ತಿಯ ಲಕ್ಷಣವನ್ನು ಸುಶ್ರುತನು ಕಣ್ಣಿಗೆ ಕಟ್ಟುವಂತೆ ಕೊಟ್ಟಿದ್ದಾನೆ: ಎದೆಯಲ್ಲಿರುವ ಉಸಿರು ಬಾಯಿಗೆ ಬರತೊಡಗಿದರೆ ಅರ್ಧಬಲ ಮುಗಿಯಿತು. ಹಣೆ, ಮೂಗು, ಕಂಕುಳು, ಕೀಲುಗಳಲ್ಲಿ ಬೆವರು ಒಡೆದು ಬಾಯಿ ಒಣಗುವುದನ್ನೂ ಗುರುತುಗಳೆಂದು ಎಣಿಸುತ್ತಾರೆ. ಇದು ಗಡಿಯಾರದ ಅಳತೆಯಲ್ಲ, ಪಕ್ಕದವನ ಅಳತೆಯೂ ಅಲ್ಲ. ಮೂವತ್ತರ ಫಿಟ್ಟರ್‌ಗೆ ಎರಡು ಕಿಲೋಮೀಟರ್ ಓಡಿದ ಮೇಲೆ ಬರುವ ಗುರುತು ಐವತ್ತೈದರ ಗುಮಾಸ್ತನಿಗೆ ಎರಡನೆಯ ಮಹಡಿ ಹತ್ತುವಷ್ಟರಲ್ಲಿ ಬರಬಹುದು, ಇಬ್ಬರೂ ಅರ್ಧಶಕ್ತಿಯನ್ನೇ ಬಳಸಿದ್ದಾರೆ. ಮಿತಿ ಮೀರಿದ ವ್ಯಾಯಾಮಿಯನ್ನು ಆನೆಯನ್ನು ಎಳೆಯಹೋದ ಸಿಂಹಕ್ಕೆ ವಾಗ್ಭಟ ಹೋಲಿಸುತ್ತಾನೆ. ಎಳೆಯುವವನು ಸಿಂಹವೇ, ಆದರೂ ಸಾಯುತ್ತಾನೆ.

ನಿಶ್ಚಯಗಳು ಸೋಲುವುದಕ್ಕೆ ಇಚ್ಛಾಶಕ್ತಿಯ ಕೊರತೆಯೊಂದೇ ಕಾರಣವೆಂದು ಬಗೆಯುವುದು ಇನ್ನೊಂದು ತಪ್ಪುಗ್ರಹಿಕೆ. ಚರಕಸಂಹಿತೆ ರೋಗಗಳ ದೊಡ್ಡ ಕಾರಣವೊಂದನ್ನು ಪ್ರಜ್ಞಾಪರಾಧ, ಅಂದರೆ ತಿಳಿವಳಿಕೆಯಿಂದಲೇ ಆಗುವ ಅಪರಾಧ ಎಂದು ಕರೆದು, ಅದನ್ನು ಧೀ, ಧೃತಿ, ಸ್ಮೃತಿಗಳ ಭ್ರಂಶವೆಂದು ವಿವರಿಸುತ್ತದೆ. ಹಿತವಾದದ್ದನ್ನು ಹಿತವೆಂದು ಕಾಣದಿರುವುದು ಧೀಭ್ರಂಶ. ಕಂಡರೂ ಮನಸ್ಸನ್ನು ತಡೆಯಲಾಗದಿರುವುದು ಧೃತಿಭ್ರಂಶ. ತಡೆಯಬಲ್ಲವನಾಗಿದ್ದರೂ ಆ ಹೊತ್ತಿಗೆ ನೆನಪು ಬಾರದಿರುವುದು ಸ್ಮೃತಿಭ್ರಂಶ. ಫೆಬ್ರವರಿಯಲ್ಲಿ ತಮ್ಮನ್ನು ಹಳಿದುಕೊಳ್ಳುವವರು ಎರಡನೆಯದನ್ನು ಮಾತ್ರ ಹಳಿಯುತ್ತಾರೆ, ಆದರೆ ತಪ್ಪು ಬಹಳ ಸಲ ಮೊದಲನೆಯದರಲ್ಲಿರುತ್ತದೆ, ಅಂದರೆ ಗುರಿಯನ್ನು ಆರಿಸಿದ ಬುದ್ಧಿಯಲ್ಲಿ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಸಂಖ್ಯೆ ಇಂದು ಕೈಗಡಿಯಾರಗಳಲ್ಲಿ ವೇದವಾಕ್ಯವಾಗಿ ಕುಳಿತಿದೆ. ಅದರ ಹುಟ್ಟು 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಲ್ಲಿದೆಯೇ ಹೊರತು ವೈದ್ಯಕೀಯ ಪರೀಕ್ಷೆಯಲ್ಲಲ್ಲ. ಜಾಹೀರಾತಿನ ಸಂಖ್ಯೆಯನ್ನು ಮುಟ್ಟಲಾರದವನು ತನ್ನ ಧೃತಿಯನ್ನು ಶಂಕಿಸುವುದು ವಿಪರ್ಯಾಸ.

ಧೃತಿಗೆ ಅತಿಭಾರ ಹೊರಿಸದೆ ಅಭ್ಯಾಸವನ್ನು ಬದಲಿಸುವ ಬಗೆಯನ್ನೂ ಅದೇ ಗ್ರಂಥಗಳು ಹೇಳುತ್ತವೆ. ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯದ ಪ್ರಕಾರ ರೂಢಿಯಾಗಿಬಿಟ್ಟ ಅಹಿತವನ್ನು ಒಮ್ಮೆಲೇ ಬಿಡಕೂಡದು, ರೂಢಿಯಿಲ್ಲದ ಹಿತವನ್ನು ಒಮ್ಮೆಲೇ ಹಿಡಿಯಲೂ ಕೂಡದು. ಪಾದಪಾದವಾಗಿ, ಅಂದರೆ ನಾಲ್ಕನೆಯ ಒಂದು ಪಾಲಿನಷ್ಟು ಬಿಡುತ್ತ, ಅಷ್ಟೇ ಪಾಲು ಹಿತವನ್ನು ಆ ಜಾಗಕ್ಕೆ ತರುತ್ತ, ನಡುವೆ ಒಂದು, ಎರಡು, ಮೂರು ದಿನಗಳ ಬಿಡುವು ಕೊಡುತ್ತ ಹೋಗಬೇಕು. ನಾಲ್ಕನೆಯ ಪಾಲೂ ಹೆಚ್ಚೆನಿಸಿದವರಿಗೆ ವಾಗ್ಭಟ ಪಾಲಿನ ಪಾಲನ್ನು, ಅಂದರೆ ಹದಿನಾರನೆಯ ಒಂದಂಶವನ್ನು, ಒಪ್ಪುತ್ತಾನೆ. ಕಾರ್ಖಾನೆಯ ಗೇಟಿನೆದುರಿನ ಟಪರಿಯಲ್ಲಿ, ಅಂದರೆ ಚಹಾದ ಗೂಡಂಗಡಿಯಲ್ಲಿ, ದಿನಕ್ಕೆ ನಾಲ್ಕು ಕಟಿಂಗ್ ಚಹಾ, ಒಂದೊಂದಕ್ಕೆ ಎರಡು ಚಮಚ ಸಕ್ಕರೆಯಂತೆ ಎಂಟು ಚಮಚ ಕುಡಿಯುವವರನ್ನು ಊಹಿಸಿಕೊಂಡರೆ, ಪಾದಕ್ರಮದಲ್ಲಿ ಮೊದಲು ಇಳಿಯಬೇಕಾದದ್ದು ಎರಡು ಚಮಚ, ಅಂದರೆ ಒಂದು ಲೋಟ. ಆ ಲೋಟದ ಹೊತ್ತಿಗೆ ನೀರೋ ಮಜ್ಜಿಗೆಯೋ ಬಂದು ಕುಳಿತು, ದೇಹ ಅದಕ್ಕೆ ಒಗ್ಗಿದ ಮೇಲೆ ಮುಂದಿನ ಲೋಟ. ಜನವರಿ ಒಂದರಂದು ಚಹಾ ಸಂಪೂರ್ಣ ಬಂದ್ ಎಂದು ಸಾರಿ ಮೂರನೆಯ ದಿನ ತಲೆನೋವಿನಿಂದ ಸೋಲುವುದಕ್ಕೆ ಹೋಲಿಸಿದರೆ ಈ ಕ್ರಮದಲ್ಲಿ ಶೌರ್ಯವಿಲ್ಲ, ಹೇಳಿಕೊಳ್ಳುವುದಕ್ಕೆ ಕತೆ ಇಲ್ಲ. ಆದರೆ ಹೀಗೆ ಕ್ರಮವಾಗಿ ಕಳೆದ ದೋಷಗಳು ಮರುಕಳಿಸುವುದಿಲ್ಲ, ಕ್ರಮವಾಗಿ ಕೂಡಿದ ಗುಣಗಳು ಕದಲುವುದಿಲ್ಲವೆಂಬುದು ಚರಕನ ನಿಲುವು.

ವ್ರತದಲ್ಲಿ ಅಳತೆಯನ್ನು ಅತಿ ಸೂಕ್ಷ್ಮವಾಗಿ ಚಿಂತಿಸಿದವರು ಜೈನರು. ಪತಂಜಲಿಯೂ ಅಹಿಂಸೆ ಮುಂತಾದ ಯಮಗಳು ಜಾತಿ, ದೇಶ, ಕಾಲ, ಸಮಯಗಳ ಕಟ್ಟಿಲ್ಲದಾಗ ಮಾತ್ರ ಮಹಾವ್ರತವೆನಿಸುತ್ತವೆಂದು ಹೇಳಿ, ಕಟ್ಟಿರುವ ವ್ರತವೂ ವ್ರತವೇ ಎಂಬುದಕ್ಕೆ ಎಡೆಗೊಟ್ಟಿದ್ದಾನೆ. ಜೈನರು ಮುನಿಗಳಿಗೆ ಮಹಾವ್ರತ, ಗೃಹಸ್ಥರಿಗೆ ಅಣುವ್ರತ ಎಂದು ವಿಂಗಡಿಸಿ, ಅಣುವ್ರತಕ್ಕೆ ಗುಣವ್ರತ, ಶಿಕ್ಷಾವ್ರತಗಳ ಊರುಗೋಲು ಕೊಟ್ಟರು. ಅವುಗಳಲ್ಲೊಂದಾದ ದೇಶಾವಕಾಶಿಕವು ಗೊತ್ತಾದ ಒಂದು ಕಾಲದವರೆಗೆ, ಗೊತ್ತಾದ ಒಂದು ಎಲ್ಲೆಯಾಚೆ ಹೋಗದಿರುವ ವ್ರತ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಕಾಲಮಿತಿಯುಳ್ಳದ್ದನ್ನು ನಿಯಮವೆಂದೂ ಜೀವಾವಧಿಯದ್ದನ್ನು ಯಮವೆಂದೂ ಬೇರ್ಪಡಿಸುತ್ತದೆ. ಆಹಾರ, ವಾಹನ, ಹಾಸಿಗೆ ಮುಂತಾದ ಭೋಗಗಳನ್ನು ಇಂದಿನ ಮಟ್ಟಿಗೆ, ಈ ಪಕ್ಷದ ಮಟ್ಟಿಗೆ, ಈ ಋತುವಿನ ಮಟ್ಟಿಗೆ ಎಂದು ಮಿತಿಗೊಳಿಸಿಕೊಳ್ಳಬಹುದು. ವರ್ಷವಿಡೀ ಎಂದು ಆರಂಭಿಸುವ ನಿಶ್ಚಯವು ತನಗರಿವಿಲ್ಲದೆಯೇ ನಿಯಮವನ್ನು ಯಮದ ಭಾರಕ್ಕೆ ಏರಿಸಿರುತ್ತದೆ.

ಭಂಗದ ವಿಷಯದಲ್ಲಿಯೂ ಜೈನರದು ಒಂದೇ ಪೆಟ್ಟಿನ ತೀರ್ಪಲ್ಲ. ಅಮಿತಗತಿ ಆಚಾರ್ಯರ ವಿವರಣೆಯಲ್ಲಿ ಮನಸ್ಸಿನ ಶುದ್ಧಿ ಕೆಡುವುದು ಅತಿಕ್ರಮ, ಶೀಲದ ಬೇಲಿಯನ್ನು ದಾಟುವುದು ವ್ಯತಿಕ್ರಮ, ವಿಷಯದಲ್ಲಿ ತೊಡಗುವುದು ಅತಿಚಾರ, ಅದರಲ್ಲೇ ಮುಳುಗಿಬಿಡುವುದು ಅನಾಚಾರ. ಸಿಹಿ ಬಿಟ್ಟವನೊಬ್ಬ ಸಹೋದ್ಯೋಗಿಯ ಬಡ್ತಿಯ ಪೇಡೆಯ ಡಬ್ಬಿಯನ್ನು ನೋಡಿ ಆಸೆಪಡುವುದರಿಂದ ಹಿಡಿದು, ಕೈ ಚಾಚುವುದು, ಒಂದನ್ನು ತಿನ್ನುವುದು, ಹೇಗೂ ಕೆಟ್ಟಿತಲ್ಲ ಎಂದು ಡಬ್ಬಿಯನ್ನೇ ಬರಿದು ಮಾಡುವುದರವರೆಗಿನ ದಾರಿ ಇದೇ. ಈ ನಾಲ್ಕರಲ್ಲಿ ಕೊನೆಯದಕ್ಕೆ ಬಹುಪಾಲು ಕಾರಣ ನಾಲಿಗೆಯ ಚಪಲವಲ್ಲ, ಮೂರನೆಯದಕ್ಕೂ ನಾಲ್ಕನೆಯದಕ್ಕೂ ವ್ಯತ್ಯಾಸವಿಲ್ಲವೆಂಬ ಹತಾಶೆ. ವ್ಯತ್ಯಾಸವುಂಟೆಂದು ಹೇಳುವುದೇ ಈ ವರ್ಗೀಕರಣದ ಉಪಕಾರ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಪ್ರತಿಯೊಂದು ಅಣುವ್ರತಕ್ಕೂ ಐದೈದು ಅತಿಚಾರಗಳನ್ನು ಹೆಸರಿಸುವಾಗ ಅಹಿಂಸೆಯ ಕೆಳಗೆ ಕಟ್ಟುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಅತಿಭಾರ ಹೇರುವುದು, ಅನ್ನನೀರು ತಡೆಯುವುದು ಎಂದು ಎಣಿಸುತ್ತದೆ. ಪಟ್ಟಿ ಹೇಳಿದ್ದು ಸಾಕಿದ ಪ್ರಾಣಿಗಳ ಮತ್ತು ಆಶ್ರಿತರ ವಿಷಯದಲ್ಲಿ. ಆದರೂ ಕೊನೆಯ ಎರಡನ್ನು ಓದುವಾಗ ಜನವರಿಯಲ್ಲಿ ಜನರು ತಮ್ಮ ದೇಹಕ್ಕೆ ಕೊಡುವ ಶಿಕ್ಷೆ ನೆನಪಿಗೆ ಬಾರದಿರುವುದಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಣ್ಣು ತಿನ್ನುವ, ನೀರು ಕುಡಿಯುವ, ಓಡುವ ಸಣ್ಣ ಅಭ್ಯಾಸಗಳು ಬೇರೂರುವುದಕ್ಕೆ ಹಿಡಿದ ಕಾಲ ಸಾಮಾನ್ಯವಾಗಿ ಸುಮಾರು 66 ದಿನಗಳಾಗಿದ್ದು, ವ್ಯಕ್ತಿಯಿಂದ ವ್ಯಕ್ತಿಗೆ 18ರಿಂದ 254 ದಿನಗಳವರೆಗೆ ಹರಡಿತ್ತು. ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಹಾನಿಯಾಗಿರಲಿಲ್ಲ. ಅತಿಚಾರವು ಅನಾಚಾರವಲ್ಲವೆಂಬುದಕ್ಕೆ ಇದು ಬೇರೊಂದು ದಿಕ್ಕಿನಿಂದ ಬಂದ ಸಾಕ್ಷ್ಯ.

ವರ್ಷಕ್ಕೆ ಒಂದೇ ಆರಂಭವೆಂಬ ನಂಬಿಕೆಯೂ ಈ ಹತಾಶೆಗೆ ನೀರೆರೆಯುತ್ತದೆ. ಪರಂಪರೆಯ ವರ್ಷದಲ್ಲಿ ಆರಂಭಗಳು ಅನೇಕ. ಮಾಧ್ವರ ಮನೆಗಳ ಚಾತುರ್ಮಾಸ್ಯವನ್ನೇ ನೋಡಬಹುದು: ಆಷಾಢದ ಏಕಾದಶಿಯಿಂದ ಮೊದಲ ತಿಂಗಳು ತರಕಾರಿಯಿಲ್ಲ, ಎರಡನೆಯ ತಿಂಗಳು ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದರಲ್ಲಿ ದ್ವಿದಳ ಧಾನ್ಯಗಳಿಲ್ಲ. ಪ್ರತಿ ತಿಂಗಳೂ ಬಿಟ್ಟದ್ದು ಮರಳುತ್ತದೆ, ಹೊಸದೊಂದು ಬಿಟ್ಟುಹೋಗುತ್ತದೆ, ಹೊಸ ಸಂಕಲ್ಪವಾಗುತ್ತದೆ. ಕಾರ್ತಿಕದಲ್ಲಿ ಎಲ್ಲವೂ ಮುಗಿಯುತ್ತದೆ. ವ್ರತಕ್ಕೆ ಉದ್ಯಾಪನೆಯೆಂಬ ಸಮಾಪ್ತಿವಿಧಿ ಇರುವುದು ಮುಗಿಸುವುದೂ ವ್ರತದ ಒಂದು ಅಂಗವಾದ್ದರಿಂದ. ಸಾತಪುರದವರಿಗೆ ಜನವರಿಯ ಆಸುಪಾಸಿನಲ್ಲಿಯೇ ಇನ್ನೊಂದು ನಿದರ್ಶನ ಕಣ್ಣೆದುರು ಹಾದುಹೋಗುತ್ತದೆ. ಜ್ಞಾನೇಶ್ವರರ ಅಣ್ಣ ನಿವೃತ್ತಿನಾಥರ ಸಮಾಧಿ ತ್ರ್ಯಂಬಕೇಶ್ವರದಲ್ಲಿದ್ದು, ಪೌಷ ಬಹುಳ ಏಕಾದಶಿಯ ಯಾತ್ರೆಗೆ ವಾರಕರಿಗಳ ದಿಂಡಿಗಳು, ಅಂದರೆ ಭಜನೆ ಮಾಡುತ್ತ ನಡೆಯುವ ಯಾತ್ರಿಕರ ತಂಡಗಳು, ನಾಸಿಕದಿಂದ ಸಾತಪುರದ ಮೂಲಕ ಸಾಗುವ ತ್ರ್ಯಂಬಕ ರಸ್ತೆಯಲ್ಲಿ ತಾಳ ಮೃದಂಗಗಳೊಡನೆ ಸಾಗುತ್ತವೆ. ಎಂಬತ್ತರ ಅಜ್ಜಿ ಇಪ್ಪತ್ತರ ಮೊಮ್ಮಗನ ಜೊತೆ ನಡೆಯುವುದು ಸಾಧ್ಯವಾಗುವುದು ದಿಂಡಿ ಗುಂಪಿನ ವೇಗದಲ್ಲಿ ನಡೆಯುವುದರಿಂದ ಮತ್ತು ದಾರಿಯನ್ನು ಮುಕ್ಕಾಮುಗಳಾಗಿ ಒಡೆದುಕೊಂಡಿರುವುದರಿಂದ. ಸಂಕಲ್ಪದ ಸಹಕುಟುಂಬ ಎಂಬ ಅಂಶ ಇಲ್ಲಿ ರಸ್ತೆಗಿಳಿದಿರುತ್ತದೆ. ಒಬ್ಬೊಬ್ಬರೇ ತಂತಮ್ಮ ಮೊಬೈಲಿನಲ್ಲಿ ಹೆಜ್ಜೆ ಎಣಿಸಿಕೊಳ್ಳುವ ವ್ರತಿಗಳಿಗೆ ಈ ಆಸರೆಯಿಲ್ಲ.

ಕೊನೆಗೆ ಉಳಿಯುವ ಕಠಿಣ ಪ್ರಶ್ನೆ, ಶಕ್ತಿಯ ತೀರ್ಮಾನವನ್ನು ವ್ರತಿಯೇ ಮಾಡಬೇಕೇ ಎಂಬುದು. ಆತ್ಮವಂಚನೆ ಎರಡೂ ದಿಕ್ಕಿನಿಂದ ಬರುತ್ತದೆ. ಸೋಮಾರಿಯು ತನ್ನ ಶಕ್ತಿಯನ್ನು ಕಡಿಮೆಯೆಣಿಸಿದರೆ ಉತ್ಸಾಹಿಯು ಹೆಚ್ಚೆಣಿಸುತ್ತಾನೆ. ವ್ರತವನ್ನು ಕೆಡಿಸದ ಎಂಟರಲ್ಲಿ ಗುರುವಚನವೂ ಔಷಧವೂ ಸೇರಿರುವುದು ಈ ಕಾರಣಕ್ಕಾಗಿಯೇ ಇರಬೇಕು. ದೇವಚಂದ್ರನ ಕನ್ನಡ ರಾಜಾವಳಿಕಥೆಯಲ್ಲಿ ಬರುವ ಸಮಂತಭದ್ರರ ವೃತ್ತಾಂತವು ಇದಕ್ಕೆ ದೊರೆಯುವ ಅತ್ಯಂತ ತೀಕ್ಷ್ಣವಾದ ಉದಾಹರಣೆ. ನಿಯಮಕ್ಕೂ ಯಮಕ್ಕೂ ಗೆರೆ ಎಳೆದ ಅದೇ ಆಚಾರ್ಯರಿಗೆ, ಮುನಿಯಾಗಿದ್ದಾಗ, ಎಷ್ಟು ಉಂಡರೂ ಉರಿದುಹೋಗುವ ಭಸ್ಮಕವೆಂಬ ಹಸಿವಿನ ರೋಗ ಬಂತು. ಮುನಿಯ ಆಹಾರನಿಯಮದೊಳಗೆ ಅದಕ್ಕೆ ಚಿಕಿತ್ಸೆಯಿರಲಿಲ್ಲ. ವ್ರತವನ್ನು ಮುರಿಯುವುದಕ್ಕಿಂತ ಸಲ್ಲೇಖನದಿಂದ, ಅಂದರೆ ವ್ರತಪೂರ್ವಕವಾಗಿ ಆಹಾರ ತ್ಯಜಿಸಿ, ದೇಹ ಬಿಡುವುದೇ ಮೇಲೆಂದು ಅವರು ಗುರುಗಳ ಅಪ್ಪಣೆ ಬೇಡಿದರು. ಗುರುಗಳು ಒಪ್ಪಲಿಲ್ಲ, ಧರ್ಮಕ್ಕೆ ಅವರಿಂದ ಆಗಬೇಕಾದ ಕೆಲಸ ಬಾಕಿಯಿದೆ, ದೀಕ್ಷೆಯನ್ನು ಸದ್ಯಕ್ಕೆ ಬದಿಗಿಟ್ಟು ರೋಗ ನೀಗಿಸಿಕೊಂಡು ಬರಬೇಕೆಂದರು. ಸಮಂತಭದ್ರರು ವೇಷ ಬದಲಿಸಿ ಕಂಚಿಯ ಶಿವಾಲಯವೊಂದರಲ್ಲಿ ದೇವರ ಮುಂದಿಟ್ಟ ರಾಶಿ ನೈವೇದ್ಯವನ್ನು ಬಾಗಿಲು ಮುಚ್ಚಿ ಉಂಡರು. ರೋಗ ಇಳಿಯುತ್ತ ಬಂದಂತೆ ತಟ್ಟೆಯಲ್ಲಿ ಉಳಿಯುವ ಅನ್ನ ದಿನದಿಂದ ದಿನಕ್ಕೆ ಹೆಚ್ಚಿ ಗುಟ್ಟು ರಟ್ಟಾಯಿತು. ಗುಣವಾದ ಮೇಲೆ ಪ್ರಾಯಶ್ಚಿತ್ತ ಮಾಡಿಕೊಂಡು ಮತ್ತೆ ದೀಕ್ಷೆ ಪಡೆದರು. ಕತೆಯ ಐತಿಹಾಸಿಕತೆ ಏನೇ ಇರಲಿ, ಕಠಿಣವ್ರತಕ್ಕೆ ಹೆಸರಾದ ಪರಂಪರೆಯೊಂದು ತನ್ನ ಮಹಾಚಾರ್ಯನ ವ್ರತತ್ಯಾಗವನ್ನು ಮುಚ್ಚಿಡಬೇಕೆಂದು ಭಾವಿಸಲಿಲ್ಲ. ಶ್ರವಣಬೆಳಗೊಳದ ಪಾರ್ಶ್ವನಾಥ ಬಸದಿಯಲ್ಲಿರುವ 1129ರ ಮಲ್ಲಿಷೇಣ ಪ್ರಶಸ್ತಿ ಸಮಂತಭದ್ರರನ್ನು ಹೊಗಳಲು ತೊಡಗುವುದೇ ಭಸ್ಮಕವನ್ನು ಭಸ್ಮಮಾಡಿದವರೆಂಬ ವಿಶೇಷಣದಿಂದ. ಊರೂರಿನ ವಾದಸಭೆಗಳಲ್ಲಿ ಅವರು ಗೆದ್ದ ಸುದ್ದಿ ಅದರ ನಂತರದ ಪದ್ಯಗಳಲ್ಲಿ ಬರುತ್ತದೆ.